ಎನ್‌ಕ್ರಿಪ್ಟ್ ಆದ ಡಿಸ್ಕನ್ನು ಟರ್ಮಿನಲ್‌ನಿಂದ ತೆರೆಯುವುದು: ಯಾವುದಾದ ಮೇಲೆ ಯಾವುದು, ಎಲ್ಲಿ ನಿಲ್ಲಿಸಬೇಕು

ಮೌಂಟ್ ಕಮಾಂಡ್ ಕೊಟ್ಟರೆ 'ಅನ್‌ನೋನ್ ಫೈಲ್‌ಸಿಸ್ಟಮ್ ಟೈಪ್ ಕ್ರಿಪ್ಟೋ_ಲಕ್ಸ್' ಅನ್ನುತ್ತೆ (ಲಕ್ಸ್, ಇಂಗ್ಲಿಷಿನಲ್ಲಿ ಎಲ್‌ಯುಕೆಎಸ್, ಅಂದರೆ ಲಿನಕ್ಸಿನಲ್ಲಿ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ವಿಧಾನ). ಅಲ್ಲಿಗೆ ಜನರಿಗೆ ಕೈಕಾಲು ಬಿಟ್ಟುಹೋಗುತ್ತೆ. ಡಿಸ್ಕ್ ಹಾಳಾಯ್ತು ಅಂದುಕೊಂಡು ಸಿಕ್ಕಿದ ಕಮಾಂಡುಗಳನ್ನೆಲ್ಲ ಹೊಡೆಯುತ್ತಾರೆ, ನಿಜವಾಗಿ ಹಾಳಾಗುವುದು ಆಗಲೇ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯಿಂದ ನನಗೆ ಬರುವ ಸ್ಕ್ರೀನ್ ಫೋಟೋಗಳಲ್ಲಿ ಹೆಚ್ಚಿನವು ಇದೇ ಕಥೆ. ಒಬ್ಬರದು ಸ್ಟುಡಿಯೋದ ಮದುವೆ ಫೋಟೋ, ಇನ್ನೊಬ್ಬರದು ಅಡಿಕೆ ಮಂಡಿಯ ಲೆಕ್ಕ, ಮತ್ತೊಬ್ಬರದು ಯಕ್ಷಗಾನದ ರೆಕಾರ್ಡಿಂಗ್. ಎಡವುವ ಜಾಗ ಮಾತ್ರ ಎಲ್ಲರದ್ದೂ ಒಂದೇ.

ತೋಟದ ಮನೆಗೆ ಹೋಗಬೇಕಾದರೆ ಮೊದಲು ದಣಪೆ ಸರಿಸಬೇಕು, ಆಮೇಲೆ ಬಾಗಿಲು ತೆಗೆಯಬೇಕು, ಬರುವಾಗ ಮೊದಲು ಬಾಗಿಲು, ಆಮೇಲೆ ದಣಪೆ. ಇಲ್ಲೂ ಅಷ್ಟೇ. ಅನ್‌ಲಾಕ್ ಬೇರೆ, ಮೌಂಟ್ ಬೇರೆ. ಪಾಸ್‌ವರ್ಡ್ ಕೊಟ್ಟು ಬೀಗ ತೆಗೆಯುವುದು ಅನ್‌ಲಾಕ್, ಒಳಗಿನ ಫೈಲ್‌ಗಳು ಒಂದು ಫೋಲ್ಡರಿನಲ್ಲಿ ಕಾಣುವ ಹಾಗೆ ಮಾಡುವುದು ಮೌಂಟ್. ಎರಡನ್ನೂ ಒಂದೇ ಅಂದುಕೊಂಡವರೇ ಸಿಕ್ಕಿಹಾಕಿಕೊಳ್ಳುವುದು.

ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು, ನಾನು ದೊಡ್ಡಕ್ಷರ ಅಂದ ಕಡೆ ಬಿಟ್ಟು ಉಳಿದದ್ದೆಲ್ಲ ಚಿಕ್ಕಕ್ಷರ.

## ಕೂರುವ ಮೊದಲು ಏನೇನು ಬೇಕು

ಲಿನಕ್ಸ್ ಇರುವ ಒಂದು ಕಂಪ್ಯೂಟರ್ ಬೇಕು. ಇಲ್ಲದಿದ್ದರೆ ಉಬುಂಟು ಅಥವಾ ಮಿಂಟ್ ಲೈವ್ ಯುಎಸ್‌ಬಿ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸ್) ಸಾಕು. ಹಳೇ ಲ್ಯಾಪ್‌ಟಾಪಿನಿಂದ ಬಿಚ್ಚಿದ ಡಿಸ್ಕ್ ಆದರೆ ಅದಕ್ಕೆ ಸರಿಹೊಂದುವ ಯುಎಸ್‌ಬಿ ಕೇಸ್ ಬೇಕು. ಫೈಲ್‌ಗಳನ್ನು ಹಾಕಿಕೊಳ್ಳಲು ಇನ್ನೊಂದು ಡಿಸ್ಕ್. ಪಾಸ್‌ವರ್ಡ್ ಅಂತೂ ಬೇಕೇ ಬೇಕು, ಅದನ್ನು ತಪ್ಪಿಸಿಕೊಂಡು ಒಳಗೆ ಹೋಗುವ ದಾರಿ ಇಲ್ಲ. ಯಾರಾದರೂ ಇದೆ ಅಂದರೆ ದುಡ್ಡು ಕೊಡಬೇಡಿ.

ಕ್ರಿಪ್ಟ್‌ಸೆಟಪ್ ಅನ್ನುವ ಸಾಧನ ಎಷ್ಟೋ ಕಡೆ ಮೊದಲೇ ಇರುತ್ತೆ. ಇಲ್ಲದಿದ್ದರೆ:

ಸುಡೋ ಎಪಿಟಿ ಇನ್‌ಸ್ಟಾಲ್ ಕ್ರಿಪ್ಟ್‌ಸೆಟಪ್ ಎಲ್‌ವಿಎಂ2

ಈಗ ಒಂದು ಎಚ್ಚರಿಕೆ. ಈ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿ 'ಸುಮ್ನೆ ನೋಡೋಣ' ಅನ್ನಬೇಡಿ. ಲಿನಕ್ಸಿನಲ್ಲಿ ಲಕ್ಸ್ ಮಾಡಿದ ಪಾರ್ಟಿಶನ್ ವಿಂಡೋಸಿಗೆ ಅರ್ಥವಾಗಲ್ಲ, ಫಾರ್ಮ್ಯಾಟ್ ಮಾಡಲೇ ಅಂತ ಕೇಳುತ್ತೆ. ಅಂಗಡಿ ಹುಡುಗ ಅಭ್ಯಾಸಬಲದಿಂದ ಓಕೆ ಒತ್ತಿದರೆ ಮುಗೀತು.

ಮಳೆಗಾಲದಲ್ಲಿ ಇನ್ನೂ ಒಂದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ, ಹೊರಗೆ ಗುಡುಗುತ್ತಿರುವಾಗ ಈ ಕೆಲಸ ಬೇಡ. ಬ್ಯಾಟರಿ ಸರಿಯಿರುವ ಲ್ಯಾಪ್‌ಟಾಪ್ ಹುಡುಕಿಕೊಳ್ಳಿ. ಜುಲೈನಲ್ಲಿ ನಮ್ಮ ಕಡೆ ಕರೆಂಟಿನ ಭರವಸೆ ಎಷ್ಟು ಅಂತ ನಿಮಗೇ ಗೊತ್ತಲ್ವಾ.

## ಹಂತ 1: ಯಾವ ಡಿಸ್ಕ್ ಅಂತ ಗುರುತಿಸಿ

ಡಿಸ್ಕ್ ಚುಚ್ಚುವ ಮೊದಲು ಒಂದು ಸಲ, ಚುಚ್ಚಿದ ಮೇಲೆ ಇನ್ನೊಂದು ಸಲ ಇದನ್ನು ಕೊಡಿ:

ಎಲ್‌ಎಸ್‌ಬಿಎಲ್‌ಕೆ

ಐದೇ ಅಕ್ಷರ, ನಡುವೆ ಜಾಗ ಇಲ್ಲ. ಎರಡನೇ ಸಲ ಹೊಸದಾಗಿ ಕಂಡದ್ದೇ ನಿಮ್ಮ ಡಿಸ್ಕ್. ಗಾತ್ರವನ್ನೂ ನೋಡಿ. ಡಬ್ಬದ ಮೇಲೆ 1 ಟಿಬಿ ಅಂತ ಇದ್ದರೆ ಇಲ್ಲಿ 931.5ಜಿ ಅಂತ ಬರುತ್ತೆ. ಕಳೆದುಹೋದದ್ದೇನೂ ಇಲ್ಲ, ಲೆಕ್ಕ ಹಾಕುವ ಕ್ರಮ ಬೇರೆ ಅಷ್ಟೆ.

ಆಮೇಲೆ ಅದಕ್ಕೇ -ಎಫ್ ಸೇರಿಸಿ:

ಎಲ್‌ಎಸ್‌ಬಿಎಲ್‌ಕೆ -ಎಫ್

ಈಗ ಪ್ರತಿ ಪಾರ್ಟಿಶನ್ ಎದುರು ಅದರ ಜಾತಿ ಕಾಣುತ್ತೆ. ಎಸ್‌ಡಿಬಿ ಅನ್ನುವ ಸಾಲಿನ ಕೆಳಗೆ ಎಸ್‌ಡಿಬಿ1, ಅದರ ಎದುರು ಕ್ರಿಪ್ಟೋ_ಲಕ್ಸ್, ಪಕ್ಕದಲ್ಲಿ 1 ಅಥವಾ 2 ಅಂತ ಲಕ್ಸ್‌ನ ಆವೃತ್ತಿ, ಆಮೇಲೆ ಉದ್ದನೆಯ ಯುಯುಐಡಿ, ಅಂದರೆ ಆ ಪಾರ್ಟಿಶನ್ನಿನ ಗುರುತಿನ ಸಂಖ್ಯೆ. ಆ ಯುಯುಐಡಿಯನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಎಸ್‌ಡಿಬಿ ಅನ್ನುವ ಹೆಸರು ಇವತ್ತಿಗೆ ಮಾತ್ರ. ಕೇಬಲ್ ತೆಗೆದು ಮತ್ತೆ ಹಾಕಿದರೆ ಅದೇ ಡಿಸ್ಕ್ ಎಸ್‌ಡಿಸಿ ಆಗಬಹುದು. ಯುಯುಐಡಿ ಹಾಗೆ ಬದಲಾಗಲ್ಲ.

ಇಲ್ಲಿ ಎಲ್ಲರೂ ಮಾಡುವ ತಪ್ಪು: ಎಸ್‌ಡಿಬಿ1 ಅನ್ನುವ ಬದಲು ಎಸ್‌ಡಿಬಿ ಅಂತ ಕೊಡುವುದು. ಅಂಕಿ ಇಲ್ಲದ್ದು ಇಡೀ ಡಿಸ್ಕ್, ಅಂಕಿ ಇರುವುದು ಪಾರ್ಟಿಶನ್. ಕ್ರಿಪ್ಟೋ_ಲಕ್ಸ್ ಯಾವ ಸಾಲಿನಲ್ಲಿದೆಯೋ ಅದೇ ನಿಮಗೆ ಬೇಕಾದದ್ದು. ಹೊಸ ಎನ್‌ವಿಎಂಇ ಡಿಸ್ಕನ್ನು ನೇರ ಕಂಪ್ಯೂಟರಿನೊಳಗೆ ಕೂರಿಸಿದ್ದರೆ ಹೆಸರು ಎನ್‌ವಿಎಂಇ0ಎನ್1ಪಿ3 ಥರ ಇರುತ್ತೆ, ಕೊನೆಯ ಪಿ3 ಪಾರ್ಟಿಶನ್.

ಡಿಸ್ಕ್ ಕಾಣುತ್ತೆ, ಒಳಗೆ ಪಾರ್ಟಿಶನ್ನೇ ಇಲ್ಲ ಅಂದರೆ ಗಾಬರಿ ಬೇಡ. ಕೆಲವು ಯುಎಸ್‌ಬಿ ಕೇಸ್‌ಗಳು ಡಿಸ್ಕಿನ ಸೆಕ್ಟರ್ ಗಾತ್ರವನ್ನು ಬೇರೆಯಾಗಿ ತೋರಿಸುತ್ತವೆ, ಆಗ ಪಾರ್ಟಿಶನ್ ಪಟ್ಟಿ ಓದಲು ಆಗಲ್ಲ. ಬೇರೆ ಕೇಸ್ ಹಾಕಿ ನೋಡಿ, ಅಥವಾ ಡಿಸ್ಕನ್ನು ನೇರವಾಗಿ ಮದರ್‌ಬೋರ್ಡಿಗೆ ಕೊಡಿ. ಹೊಸ ಪಾರ್ಟಿಶನ್ ಮಾಡಲು ಮಾತ್ರ ಹೋಗಬೇಡಿ.

## ಹಂತ 2: ಹೆಡರ್ ನಕಲು ತೆಗೆದುಕೊಳ್ಳಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ, ಆಮೇಲೆ ಅಳುತ್ತಾರೆ.

ಲಕ್ಸ್ ಪಾರ್ಟಿಶನ್ನಿನ ಶುರುವಿನಲ್ಲೇ ಹೆಡರ್ ಇರುತ್ತೆ. ಲಕ್ಸ್2ರಲ್ಲಿ ಸಾಮಾನ್ಯವಾಗಿ 16 ಎಂಬಿ. ನಿಮ್ಮ ಡೇಟಾವನ್ನು ತೆರೆಯುವ ನಿಜವಾದ ಕೀ ಅದರೊಳಗಿದೆ, ಪಾಸ್‌ವರ್ಡ್ ಆ ಕೀಯನ್ನು ಬಿಡಿಸುತ್ತೆ ಅಷ್ಟೆ. ಹೆಡರ್ ಹೋದರೆ ಪಾಸ್‌ವರ್ಡ್ ಬಾಯಿಪಾಠ ಇದ್ದರೂ ಪ್ರಯೋಜನ ಇಲ್ಲ, 931 ಜಿಬಿ ಪೂರ್ತಿ ಕಸ.

ಮೊದಲು ಒಳಗೆ ಏನಿದೆ ನೋಡಿ:

ಸುಡೋ ಕ್ರಿಪ್ಟ್‌ಸೆಟಪ್ ಲಕ್ಸ್‌ಡಂಪ್ /ಡೆವ್/ಎಸ್‌ಡಿಬಿ1

ಡಂಪ್‌ನ ಡಿ ದೊಡ್ಡಕ್ಷರ. ಇದು ಓದುವ ಕಮಾಂಡ್, ಏನನ್ನೂ ಬದಲಿಸಲ್ಲ. ಕೀಸ್ಲಾಟ್ಸ್ ಅನ್ನುವ ಕಡೆ ಒಂದಾದರೂ ಸ್ಲಾಟ್ ತುಂಬಿರಬೇಕು. ಲಕ್ಸ್1ರಲ್ಲಿ 8 ಸ್ಲಾಟ್ ತನಕ ಇರಬಹುದು, ಲಕ್ಸ್2ರಲ್ಲಿ 32. ಎರಡು ಸ್ಲಾಟ್ ತುಂಬಿದ್ದರೆ ಯಾರೋ ಎರಡನೇ ಪಾಸ್‌ವರ್ಡ್ ಅಥವಾ ಕೀ ಫೈಲ್ ಇಟ್ಟಿದ್ದಾರೆ ಅಂತ ಅರ್ಥ. ನೀವು ಒಂದನ್ನು ಮರೆತಿದ್ದರೆ ಇದು ಒಳ್ಳೇ ಸುದ್ದಿ. ಮನೆಯಲ್ಲಿ, ಆಫೀಸಿನಲ್ಲಿ ಕೇಳಿ ನೋಡಿ.

ಈಗ ನಕಲು:

ಸುಡೋ ಕ್ರಿಪ್ಟ್‌ಸೆಟಪ್ ಲಕ್ಸ್‌ಹೆಡರ್‌ಬ್ಯಾಕಪ್ /ಡೆವ್/ಎಸ್‌ಡಿಬಿ1 --ಹೆಡರ್-ಬ್ಯಾಕಪ್-ಫೈಲ್ ಹೆಡರ್.ಐಎಂಜಿ

ಮೊದಲ ಪದದಲ್ಲಿ ಹೆಡರ್‌ನ ಎಚ್, ಬ್ಯಾಕಪ್‌ನ ಬಿ ದೊಡ್ಡಕ್ಷರ. ಈ ಫೈಲನ್ನು ಅದೇ ಡಿಸ್ಕಿನೊಳಗೆ ಇಡಬೇಡಿ, ಬೇರೆ ಪೆನ್‌ಡ್ರೈವಿಗೆ ಹಾಕಿ. ಲೈವ್ ಯುಎಸ್‌ಬಿಯಲ್ಲಿ ಕೂತಿದ್ದರೆ ಮರೆಯದೆ ಹೊರಗೆ ಹಾಕಿಕೊಳ್ಳಿ, ಆಫ್ ಮಾಡಿದ ತಕ್ಷಣ ಅಲ್ಲಿರುವುದೆಲ್ಲ ಹೋಗುತ್ತೆ. ಜೋಪಾನವಾಗಿಯೂ ಇಡಿ. ಮುಂದೆ ನೀವು ಪಾಸ್‌ವರ್ಡ್ ಬದಲಿಸಿದರೂ ಈ ಹಳೇ ನಕಲಿಗೆ ಹಳೇ ಪಾಸ್‌ವರ್ಡೇ ನಡೆಯುತ್ತೆ.

## ಹಂತ 3: ಅನ್‌ಲಾಕ್

ಸುಡೋ ಕ್ರಿಪ್ಟ್‌ಸೆಟಪ್ ಓಪನ್ --ರೀಡ್‌ಓನ್ಲಿ /ಡೆವ್/ಎಸ್‌ಡಿಬಿ1 ಫೋಟೋ

ಕೊನೆಯ 'ಫೋಟೋ' ನಾನಿಟ್ಟ ಹೆಸರು, ನಿಮಗೆ ಬೇಕಾದ್ದು ಇಡಿ. ರೀಡ್‌ಓನ್ಲಿ ಯಾಕೆ ಅಂದರೆ, ಮೊದಲ ಸಲ ತೆರೆಯುವಾಗ ಡಿಸ್ಕ್ ಯಾವ ಸ್ಥಿತಿಯಲ್ಲಿದೆ ಅಂತ ನಿಮಗೆ ಗೊತ್ತಿಲ್ಲ. ಓದಲು ಮಾತ್ರ ತೆರೆದರೆ ಒಳಗಿನ ಡೇಟಾಕ್ಕೆ ನೀವು ತಪ್ಪಿ ಏನೂ ಬರೆಯಲು ಆಗಲ್ಲ. ಎಲ್ಲ ಸರಿಯಿದೆ ಅಂತ ಖಾತ್ರಿ ಆದಮೇಲೆ ಮುಚ್ಚಿ, ಅದಿಲ್ಲದೆ ಮತ್ತೆ ತೆರೆಯಬಹುದು.

ಮೊದಲು ಸುಡೋ ನಿಮ್ಮ ಕಂಪ್ಯೂಟರಿನ ಪಾಸ್‌ವರ್ಡ್ ಕೇಳಬಹುದು, ಆಮೇಲೆ ಡಿಸ್ಕಿನದ್ದು. ಪ್ರಶ್ನೆ ಓದಿ ಉತ್ತರ ಕೊಡಿ. ಟೈಪ್ ಮಾಡುವಾಗ ಸ್ಕ್ರೀನಿನಲ್ಲಿ ಏನೂ ಕಾಣಲ್ಲ, ಚುಕ್ಕಿಯೂ ಇಲ್ಲ. "ಎಂಥದೂ ಬೀಳ್ತಾ ಇಲ್ಲ ಮಾರಾಯ್ರೆ, ಕೀಬೋರ್ಡ್ ಹೋಗಿದೆಯಾ" ಅಂತ ಫೋನ್ ಬರುವುದು ಇಲ್ಲೇ. ಬೀಳ್ತಾ ಇದೆ, ಪೂರ್ತಿ ಹೊಡೆದು ಎಂಟರ್ ಒತ್ತಿ. ಆಮೇಲೆ ಕೆಲವು ಸೆಕೆಂಡ್ ಸುಮ್ಮನಿರುತ್ತೆ. ಹಳೇ ಕಂಪ್ಯೂಟರಿನಲ್ಲಿ ಇನ್ನೂ ಜಾಸ್ತಿ ಹೊತ್ತು. ಬೇಕೆಂದೇ ನಿಧಾನ ಮಾಡಿರುವುದು ಅದು, ಕಳ್ಳರಿಗೆ ಬೇಗ ಬೇಗ ಊಹಿಸಲು ಆಗಬಾರದು ಅಂತ. ಕಂಟ್ರೋಲ್-ಸಿ ಒತ್ತಬೇಡಿ.

ಏನೂ ಹೇಳದೆ ಪ್ರಾಂಪ್ಟ್ ವಾಪಸ್ ಬಂತು ಅಂದರೆ ತೆರೆದುಕೊಂಡಿದೆ. ಎಲ್‌ಎಸ್‌ಬಿಎಲ್‌ಕೆ ಕೊಟ್ಟು ನೋಡಿ, ಎಸ್‌ಡಿಬಿ1ರ ಕೆಳಗೆ ಒಂದು ಕೊಂಬೆ ಮೂಡಿರುತ್ತೆ, ಹೆಸರು ಫೋಟೋ, ಟೈಪ್ ಕ್ರಿಪ್ಟ್. ಇನ್ನು ಮುಂದೆ ನಿಮ್ಮ ವ್ಯವಹಾರವೆಲ್ಲ /ಡೆವ್/ಮ್ಯಾಪರ್/ಫೋಟೋ ಜೊತೆ. ಎಸ್‌ಡಿಬಿ1 ಮರೆತುಬಿಡಿ.

### 'ನೋ ಕೀ ಅವೈಲಬಲ್ ವಿತ್ ದಿಸ್ ಪಾಸ್‌ಫ್ರೇಸ್' ಅಂದರೆ

ಮೂರು ಸಲ ತಪ್ಪಿದರೆ ಕಮಾಂಡ್ ನಿಂತುಹೋಗುತ್ತೆ. ಹೆದರಬೇಡಿ. ಎಟಿಎಂ ಕಾರ್ಡಿನ ಹಾಗೆ ಬ್ಲಾಕ್ ಆಗಲ್ಲ, ಒಳಗಿರುವುದು ಅಳಿಸಿಯೂ ಹೋಗಲ್ಲ. ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದು.

ನಾನು ಮೊದಲು ಕೇಳುವುದು: ಕೀಬೋರ್ಡ್ ಕನ್ನಡದಲ್ಲಿದೆಯಾ? ಮೂಲೆಯಲ್ಲಿ ಭಾಷೆ ಕನ್ನಡ ಅಂತ ಇದ್ದರೆ ನೀವು ಒತ್ತಿದ ಇಂಗ್ಲಿಷ್ ಕೀಗೆ ಕನ್ನಡ ಅಕ್ಷರ ಬೀಳುತ್ತೆ, ಸ್ಕ್ರೀನಿನಲ್ಲಿ ಕಾಣದ್ದರಿಂದ ಗೊತ್ತೇ ಆಗಲ್ಲ. ನಮ್ಮವರಿಗೆ ಪದೇ ಪದೇ ಕೈಕೊಡುವುದು ಇದೇ. ಆಮೇಲೆ ಕ್ಯಾಪ್ಸ್‌ಲಾಕ್. ಪಾಸ್‌ವರ್ಡಿನಲ್ಲಿ ಅಂಕಿ ಇದ್ದು ಬಲಬದಿಯ ನಂಬರ್ ಪ್ಯಾಡ್ ಬಳಸುತ್ತಿದ್ದರೆ ನಮ್‌ಲಾಕ್. ಹಳೇ ಲ್ಯಾಪ್‌ಟಾಪ್ ಯುಎಸ್ ಕೀಬೋರ್ಡಿನಲ್ಲಿದ್ದು ಈಗಿನದ್ದು ಯುಕೆ ಅಂತ ಸೆಟ್ ಆಗಿದ್ದರೆ @ ಮತ್ತು " ಅದಲು ಬದಲಾಗಿರುತ್ತೆ.

ಏನು ಬೀಳುತ್ತಿದೆ ಅಂತ ನೋಡಲು ಟೆಕ್ಸ್ಟ್ ಎಡಿಟರ್ ತೆರೆದು ಅಲ್ಲಿ ಒಂದು ಸಲ ಟೈಪ್ ಮಾಡಿ, ಸೇವ್ ಮಾಡದೆ ಮುಚ್ಚಿ. ಟರ್ಮಿನಲ್ ಪ್ರಾಂಪ್ಟಿನಲ್ಲಿ ಬೇಡ, ಎಂಟರ್ ಬಿದ್ದರೆ ಹಿಸ್ಟರಿಯಲ್ಲಿ ಉಳಿದುಬಿಡುತ್ತೆ.

'ನಾಟ್ ಎನಫ್ ಅವೈಲಬಲ್ ಮೆಮೊರಿ' ಅಂತ ಬಂದರೆ ಅದು ಬೇರೆ ರೋಗ. ಲಕ್ಸ್2 ಪಾಸ್‌ವರ್ಡ್ ಪರೀಕ್ಷಿಸಲು 1 ಜಿಬಿ ತನಕ ರ್‍ಯಾಮ್ ಬಳಸಬಹುದು. 2 ಜಿಬಿಯ ಹಳೇ ಯಂತ್ರದಲ್ಲಿ ಲೈವ್ ಯುಎಸ್‌ಬಿ, ಜೊತೆಗೆ ಬ್ರೌಸರ್ ಬೇರೆ ತೆರೆದಿದ್ದರೆ ಜಾಗ ಸಾಲಲ್ಲ. ಬ್ರೌಸರ್ ಮುಚ್ಚಿ, ಆಗದಿದ್ದರೆ ಬೇರೆ ಕಂಪ್ಯೂಟರ್ ನೋಡಿ.

### ಈ ಒಂದು ಕಮಾಂಡ್ ಮುಟ್ಟಬೇಡಿ

ಲಕ್ಸ್‌ಫಾರ್ಮ್ಯಾಟ್ ಅಂತ ಒಂದಿದೆ. ಎನ್‌ಕ್ರಿಪ್ಟ್ ಮಾಡುವುದು ಹೇಗೆ ಅನ್ನುವ ಪಾಠಗಳಲ್ಲೆಲ್ಲ ಮೊದಲ ಸಾಲು ಅದೇ, ಹಾಗಾಗಿ ಜನ ಅಲ್ಲಿಂದಲೇ ಶುರು ಮಾಡಿಬಿಡುತ್ತಾರೆ. ಅದು ಹೊಸ ಹೆಡರ್ ಬರೆಯುತ್ತೆ, ಹಳೆಯದು ಹೋಯ್ತು. ಡೇಟಾ ಅಳಿಸಿಹೋಗುತ್ತೆ, ದೊಡ್ಡಕ್ಷರದಲ್ಲಿ ಯೆಸ್ ಅಂತ ಬರೆಯಿರಿ ಅಂತ ಕೇಳಿಯೇ ಮುಂದೆ ಹೋಗುತ್ತೆ. ತೆರೆಯುವ ಕೆಲಸದಲ್ಲಿ ಈ ಪ್ರಶ್ನೆ ಯಾವತ್ತೂ ಬರಲ್ಲ. ಬಂದರೆ ನೀವು ತಪ್ಪು ಕಮಾಂಡ್ ಕೊಟ್ಟಿದ್ದೀರಿ, ಅಲ್ಲೇ ಕಂಟ್ರೋಲ್-ಸಿ ಒತ್ತಿ.

## ಹಂತ 4: ಒಳಗೆ ಎಲ್‌ವಿಎಂ ಇದೆಯಾ ನೋಡಿ

ಎಲ್‌ಎಸ್‌ಬಿಎಲ್‌ಕೆ -ಎಫ್ ಮತ್ತೆ ಕೊಡಿ. ಫೋಟೋ ಎದುರು ಇಎಕ್ಸ್‌ಟಿ4 ಅಂತಲೋ ಬಿಟಿಆರ್‌ಎಫ್‌ಎಸ್ ಅಂತಲೋ ಇದ್ದರೆ ಸೀದಾ ಐದನೇ ಹಂತಕ್ಕೆ ಹೋಗಿ. ಎಲ್‌ವಿಎಂ2_ಮೆಂಬರ್ ಅಂತ ಇದ್ದರೆ ಒಳಗೆ ಇನ್ನೊಂದು ಪದರ ಇದೆ: ಎಲ್‌ವಿಎಂ, ಅಂದರೆ ಜಾಗವನ್ನು ವಾಲ್ಯೂಮ್ ಅನ್ನುವ ಪಾಲುಗಳಾಗಿ ಹಂಚುವ ವ್ಯವಸ್ಥೆ. ಇನ್‌ಸ್ಟಾಲ್ ಮಾಡುವಾಗಲೇ ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ ಉಬುಂಟು ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ.

ಸುಡೋ ವಿಜಿಚೇಂಜ್ -ಎವೈ
ಸುಡೋ ಎಲ್‌ವಿಎಸ್

ಎರಡನೆಯದು ವಾಲ್ಯೂಮ್‌ಗಳ ಪಟ್ಟಿ ಕೊಡುತ್ತೆ. ನಿಮಗೆ ಬೇಕಾದದ್ದು ದೊಡ್ಡದು, ಸ್ವಾಪ್ ಅಂತ ಇರುವುದಲ್ಲ.

ಇಲ್ಲಿ ಒಂದು ಗುಂಡಿ ಇದೆ. ನೀವು ಕೂತಿರುವ ಕಂಪ್ಯೂಟರೂ ಉಬುಂಟು, ಬಿಚ್ಚಿ ತಂದ ಡಿಸ್ಕೂ ಉಬುಂಟು, ಎರಡರದ್ದೂ ವಾಲ್ಯೂಮ್ ಗುಂಪಿನ (ವಿಜಿ) ಹೆಸರು ಉಬುಂಟು-ವಿಜಿ ಅಂತಲೇ ಇರಬಹುದು. ಒಂದೇ ಹೆಸರಿನ ಎರಡು ಗುಂಪು ಕಂಡು ಎಲ್‌ವಿಎಂ ಕೈಚೆಲ್ಲುತ್ತೆ, 'ಮಲ್ಟಿಪಲ್ ವಿಜಿಸ್ ಫೌಂಡ್' ಅಂತ ಬರುತ್ತೆ. ಹೆಸರು ಬದಲಿಸಿ ಸರಿಮಾಡುವ ದಾರಿ ಇದೆ, ಆದರೆ ಹಾಗೆ ಮಾಡಿದರೆ ಆ ಹಳೇ ಡಿಸ್ಕ್ ಮತ್ತೆ ತನ್ನ ಲ್ಯಾಪ್‌ಟಾಪಿನಲ್ಲಿ ಬೂಟ್ ಆಗದೆ ಹೋಗಬಹುದು. ನನ್ನ ಮಾತು ಕೇಳಿ, ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಹಳೇ ಡಿಸ್ಕನ್ನು ಮಾತ್ರ ಅನ್‌ಲಾಕ್ ಮಾಡಿ. ಕಂಪ್ಯೂಟರಿನ ಸ್ವಂತ ಡಿಸ್ಕ್ ಎನ್‌ಕ್ರಿಪ್ಟ್ ಆಗಿರದಿದ್ದರೆ ಅದನ್ನು ಬಿಚ್ಚಿಟ್ಟು ಕೂರಿ.

## ಹಂತ 5: ಮೌಂಟ್

ಸುಡೋ ಎಂಕೆಡಿಐಆರ್ -ಪಿ /ಎಂಎನ್‌ಟಿ/ಫೋಟೋ
ಸುಡೋ ಮೌಂಟ್ -ಓ ಆರ್‌ಓ /ಡೆವ್/ಮ್ಯಾಪರ್/ಫೋಟೋ /ಎಂಎನ್‌ಟಿ/ಫೋಟೋ

ಎಲ್‌ವಿಎಂ ಇದ್ದವರು ಮ್ಯಾಪರ್ ಆದಮೇಲೆ ಫೋಟೋ ಬದಲು ಆ ವಾಲ್ಯೂಮಿನ ಹೆಸರು ಕೊಡಿ. ಎಲ್‌ಎಸ್‌ಬಿಎಲ್‌ಕೆಯಲ್ಲಿ ಹೇಗಿದೆಯೋ ಹಾಗೇ, ಎರಡು ಹೈಫನ್ ಇದ್ದರೆ ಎರಡೂ ಬೇಕು.

ಕರೆಂಟು ಹೋಗಿ ಸತ್ತ ಕಂಪ್ಯೂಟರಿನ ಇಎಕ್ಸ್‌ಟಿ4 ಡಿಸ್ಕ್ ಆದರೆ ಇಷ್ಟಕ್ಕೆ ಮೌಂಟ್ ಆಗದೆ ಇರಬಹುದು. ಅರ್ಧಕ್ಕೆ ನಿಂತ ಬರವಣಿಗೆಯನ್ನು ಮುಗಿಸಲು ಅದು ಹೊರಡುತ್ತೆ, ನಾವು ಬರೆಯಲು ಬಿಟ್ಟಿಲ್ಲ. ಆಗ ಆರ್‌ಓ ಆದಮೇಲೆ ಅಲ್ಪವಿರಾಮ ಹಾಕಿ ನೋಲೋಡ್ ಸೇರಿಸಿ, ನಡುವೆ ಜಾಗ ಬಿಡಬೇಡಿ.

ಮೌಂಟ್ ಆಯ್ತು, ಫೋಲ್ಡರ್ ತೆರೆದರೆ 'ಪರ್ಮಿಶನ್ ಡಿನೈಡ್' ಅನ್ನುತ್ತೆ. ಅನ್‌ಲಾಕ್ ಸರಿಯಾಗಿಲ್ಲ ಅಂತಲ್ಲ. ಫೈಲ್‌ಗಳು ಹಳೇ ಕಂಪ್ಯೂಟರಿನ ಬಳಕೆದಾರರ ಹೆಸರಿನಲ್ಲಿವೆ, ಉಬುಂಟು 21.04ರಿಂದ ಈಚೆಗೆ ಹೋಮ್ ಫೋಲ್ಡರನ್ನು ಬೇರೆಯವರು ನೋಡದ ಹಾಗೆ ಇಡುತ್ತಾರೆ. ಪರ್ಮಿಶನ್ ಬದಲಿಸಲು ಹೋಗದೆ ಸುಡೋ ಹಾಕಿ ನಕಲು ಮಾಡಿಕೊಳ್ಳಿ:

ಸುಡೋ ಸಿಪಿ -ಎ /ಎಂಎನ್‌ಟಿ/ಫೋಟೋ/ಹೋಮ್ /ನಿಮ್ಮ/ಬೇರೆ/ಡಿಸ್ಕ್/

ಅದಕ್ಕೂ ಮೊದಲು ಡಿಎಫ್ -ಎಚ್ ಕೊಟ್ಟು ಆ ಕಡೆ ಜಾಗ ಇದೆಯಾ ನೋಡಿ. ನಕಲಾದ ಮೇಲೆ ನಾಲ್ಕಾರು ಫೋಟೋ, ಒಂದು ದೊಡ್ಡ ವಿಡಿಯೋ ತೆರೆದು ನೋಡಿ. ಫೈಲ್ ಹೆಸರು ಕಂಡರೆ ಸಾಲದು.

## ಹಂತ 6: ಮುಚ್ಚುವುದು

ಬಂದ ದಾರಿಯಲ್ಲೇ ಹಿಂದಕ್ಕೆ:

ಸುಡೋ ಯುಮೌಂಟ್ /ಎಂಎನ್‌ಟಿ/ಫೋಟೋ
ಸುಡೋ ವಿಜಿಚೇಂಜ್ -ಎಎನ್ ಗುಂಪಿನಹೆಸರು
ಸುಡೋ ಕ್ರಿಪ್ಟ್‌ಸೆಟಪ್ ಕ್ಲೋಸ್ ಫೋಟೋ

ಯುಮೌಂಟ್‌ನಲ್ಲಿ ಯು ಆದ ತಕ್ಷಣ ಎಂ, ನಡುವೆ ಎನ್ ಇಲ್ಲ. ನಡುವಿನ ಸಾಲು ಎಲ್‌ವಿಎಂ ಇದ್ದವರಿಗೆ ಮಾತ್ರ.

'ಟಾರ್ಗೆಟ್ ಈಸ್ ಬಿಸಿ' ಅಂದರೆ ಯಾರೋ ಒಳಗೆ ಕೂತಿದ್ದಾರೆ. ಹೆಚ್ಚಾಗಿ ಅದು ನೀವೇ, ನಿಮ್ಮ ಟರ್ಮಿನಲ್ ಆ ಫೋಲ್ಡರಿನಲ್ಲೇ ನಿಂತಿರುತ್ತೆ. ಸಿಡಿ ಅಂತಷ್ಟೇ ಕೊಟ್ಟು ಹೊರಗೆ ಬನ್ನಿ. ಫೈಲ್ ಮ್ಯಾನೇಜರ್, ವಿಡಿಯೋ ಪ್ಲೇಯರ್ ಮುಚ್ಚಿ. ಇನ್ನೂ ಬಿಡದಿದ್ದರೆ:

ಸುಡೋ ಫ್ಯೂಸರ್ -ವಿಎಂ /ಎಂಎನ್‌ಟಿ/ಫೋಟೋ

ಹಿಡಿದುಕೊಂಡಿರುವ ಪ್ರೋಗ್ರಾಮಿನ ಹೆಸರು ಸಿಗುತ್ತೆ. ಯುಮೌಂಟಿಗೆ -ಎಲ್ ಹಾಕಿ ಜಬರ್ದಸ್ತಿ ಮಾಡಿದರೆ ಮೇಲ್ನೋಟಕ್ಕೆ ಹೋದ ಹಾಗೆ ಕಾಣುತ್ತೆ, ಆದರೆ ಕ್ಲೋಸ್ ಆಗಲ್ಲ, 'ಸ್ಟಿಲ್ ಇನ್ ಯೂಸ್' ಅನ್ನುತ್ತೆ. ಕ್ಲೋಸ್ ಆಗುವ ತನಕ ಕೀ ರ್‍ಯಾಮಿನಲ್ಲೇ ಇರುತ್ತೆ. ಲ್ಯಾಪ್‌ಟಾಪ್ ಮುಚ್ಚಳ ಹಾಕಿ ಮಲಗಿಸಿದರೂ ಅಷ್ಟೇ, ಅದು ಲಾಕ್ ಮಾಡಿದ ಹಾಗಲ್ಲ.

## ನಡುವೆ ಕರೆಂಟು ಹೋದರೆ

ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿದೆ, ಆದರೆ ಗೋಡೆಯ ಪ್ಲಗ್ಗಿನ ಅಡಾಪ್ಟರ್ ಬೇಕಾಗುವ ದೊಡ್ಡ ಹಾರ್ಡ್ ಡಿಸ್ಕ್ ಸತ್ತುಹೋಯ್ತು. ಮಲೆನಾಡಿನಲ್ಲಿ ಇದು ಮಾಮೂಲಿ. ಕರೆಂಟು ಬಂದಮೇಲೆ ಡಿಸ್ಕ್ ಎಸ್‌ಡಿಸಿ ಅಂತ ಹೊಸ ಹೆಸರಲ್ಲಿ ಬರಬಹುದು, ಹಳೇ ಮ್ಯಾಪರ್ ಫೋಟೋ ಮಾತ್ರ ದೆವ್ವದ ಹಾಗೆ ಅಲ್ಲೇ ನಿಂತಿರುತ್ತೆ. ಏನು ಓದಿದರೂ ಇನ್‌ಪುಟ್/ಔಟ್‌ಪುಟ್ ಎರರ್. ಮತ್ತೆ ಅದೇ ಹೆಸರಲ್ಲಿ ತೆರೆಯಲು ಹೋದರೆ 'ಆಲ್ರೆಡಿ ಎಕ್ಸಿಸ್ಟ್ಸ್'.

ಡಿಸ್ಕ್ ಕೆಟ್ಟಿಲ್ಲ. ಮೊದಲು ಯುಮೌಂಟ್, ಆಮೇಲೆ ಕ್ಲೋಸ್. ಈ ಸಂದರ್ಭದಲ್ಲಿ ಮಾತ್ರ, ಬಿಡದೇ ಹೋದರೆ ಯುಮೌಂಟಿಗೆ -ಎಲ್ ಹಾಕಬಹುದು. ಅದಕ್ಕೂ ಬಗ್ಗದಿದ್ದರೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಗುದ್ದಾಡುವುದಕ್ಕಿಂತ ಅದೇ ಬೇಗ. ಆಮೇಲೆ ಎಲ್‌ಎಸ್‌ಬಿಎಲ್‌ಕೆಯಿಂದ ಶುರು.

ಬರೆಯುತ್ತಿದ್ದಾಗ ಕರೆಂಟು ಹೋಗಿದ್ದರೆ ಎಫ್‌ಎಸ್‌ಸಿಕೆ (ಫೈಲ್‌ಸಿಸ್ಟಮ್ ಪರೀಕ್ಷಿಸಿ ಸರಿಮಾಡುವ ಕಮಾಂಡ್) ಓಡಿಸಬೇಕಾಗಬಹುದು. ಅದನ್ನು /ಡೆವ್/ಮ್ಯಾಪರ್/ಫೋಟೋ ಮೇಲೆ ಓಡಿಸಬೇಕು, ಅದೂ ಮೌಂಟ್ ಮಾಡದೆ ಇರುವಾಗ. ಎಸ್‌ಡಿಬಿ1ರ ಮೇಲೆ ಯಾವತ್ತೂ ಅಲ್ಲ. ಮೊದಲ ಸಲ -ಎನ್ ಸೇರಿಸಿ, ಏನು ತಪ್ಪಿದೆ ಅಂತ ಹೇಳುತ್ತೆ, ಮುಟ್ಟಲ್ಲ.

## ಪ್ರತಿ ಸಲ ಟೈಪ್ ಮಾಡಲು ಬೇಜಾರಾದರೆ

ಡೆಸ್ಕ್‌ಟಾಪ್ ಉಬುಂಟು, ಮಿಂಟ್ ಇದ್ದವರಿಗೆ ಯುಡಿಸ್ಕ್ಸ್‌ಸಿಟಿಎಲ್ ಸುಲಭ. ಅನ್‌ಲಾಕ್ -ಬಿ, ಪಾರ್ಟಿಶನ್ ಹೆಸರು. ಆಮೇಲೆ ಮೌಂಟ್ -ಬಿ, ಅದು ಹೇಳಿದ ಹೊಸ ಹೆಸರು. ಫೋಲ್ಡರ್ ತಾನೇ ಮಾಡಿಕೊಳ್ಳುತ್ತೆ.

ಬೂಟ್ ಆಗುವಾಗಲೇ ತೆರೆಯಬೇಕು ಅಂದರೆ /ಇಟಿಸಿ/ಕ್ರಿಪ್ಟ್‌ಟ್ಯಾಬ್ ಫೈಲಿನಲ್ಲಿ ಒಂದು ಸಾಲು: ಹೆಸರು, ಯುಯುಐಡಿ= (ಇದು ದೊಡ್ಡಕ್ಷರ) ಆದಮೇಲೆ ನೀವು ಬರೆದಿಟ್ಟ ಸಂಖ್ಯೆ, ನನ್ (ಎನ್‌ಓಎನ್‌ಇ), ಲಕ್ಸ್,ನೋಫೇಲ್. ನಾಲ್ಕು ಭಾಗಗಳ ನಡುವೆ ಜಾಗ ಬಿಡಿ, ಕೊನೆಯ ಭಾಗದ ಒಳಗೆ ಅಲ್ಪವಿರಾಮ ಮಾತ್ರ. /ಇಟಿಸಿ/ಎಫ್‌ಎಸ್‌ಟ್ಯಾಬ್‌ನಲ್ಲಿ ಮ್ಯಾಪರ್ ಹೆಸರು ಹಾಕಿ ಅಲ್ಲೂ ನೋಫೇಲ್ ಬರೆಯಿರಿ. ಅದನ್ನು ಬಿಟ್ಟರೆ, ಡಿಸ್ಕ್ ಚುಚ್ಚದ ದಿನ ಕಂಪ್ಯೂಟರ್ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡಿಗೆ ಹೋಗಿ ಕೂರುತ್ತೆ.

## ಕೈ ತೆಗೆಯಬೇಕಾದ ಸೂಚನೆಗಳು

ಡಿಸ್ಕಿನಿಂದ ಟಕ್ ಟಕ್ ಸದ್ದು, ಅಥವಾ ಸುಡೋ ಡಿಎಂಇಎಸ್‌ಜಿ ಕೊಟ್ಟಾಗ ಕೆಂಪಕ್ಷರದಲ್ಲಿ ಐ/ಓ ಎರರ್ ಸಾಲು ಸಾಲು. ಕೇಬಲ್, ಪೋರ್ಟ್ ಒಂದು ಸಲ ಬದಲಿಸಿ ನೋಡಿ, ಸದ್ದು ಇದ್ದರೆ ಅದೂ ಬೇಡ. ಇಂಥ ಡಿಸ್ಕಿನ ಮೇಲೆ ಎಫ್‌ಎಸ್‌ಸಿಕೆ ಓಡಿಸಿದರೆ ಸಾಯುತ್ತಿರುವುದನ್ನು ಓಡಿಸಿದ ಹಾಗೆ. ಮೊದಲು ಡಿಡಿರೆಸ್ಕ್ಯೂನಿಂದ ಇಡೀ ಡಿಸ್ಕಿನ ನಕಲು ತೆಗೆದು, ಮುಂದಿನ ಕೆಲಸವೆಲ್ಲ ಆ ನಕಲಿನ ಮೇಲೆ.

ನಿನ್ನೆ ತನಕ ನಡೆದ ಪಾಸ್‌ವರ್ಡ್ ಇವತ್ತು ನಡೆಯಲ್ಲ, ಕೀಬೋರ್ಡ್ ಎಲ್ಲ ಸರಿಯಿದೆ. ಅಥವಾ 'ನಾಟ್ ಎ ವ್ಯಾಲಿಡ್ ಲಕ್ಸ್ ಡಿವೈಸ್' ಅನ್ನುತ್ತೆ, ಪಾರ್ಟಿಶನ್ ಹೆಸರು ಸರಿಯಾಗೇ ಇದೆ. ಹೆಡರಿಗೆ ಏಟು ಬಿದ್ದಿರಬಹುದು. ಹಳೇ ಹೆಡರ್ ನಕಲು ಇದ್ದರೆ ಅದರಿಂದ ವಾಪಸ್ ಹಾಕುವ ಕಮಾಂಡ್ ಇದೆ, ಲಕ್ಸ್‌ಹೆಡರ್‌ರೀಸ್ಟೋರ್ (ಹೆಡರ್‌ನ ಎಚ್, ರೀಸ್ಟೋರ್‌ನ ಆರ್ ದೊಡ್ಡಕ್ಷರ). ಅದು ಈಗಿರುವ ಹೆಡರ್ ಮೇಲೆಯೇ ಬರೆಯುತ್ತೆ, ಬೇರೆ ಡಿಸ್ಕಿನ ನಕಲು ಹಾಕಿದರೆ ಇರುವುದೂ ಹೋಗುತ್ತೆ. ಹಾಗಾಗಿ ಮೊದಲು ಡಿಸ್ಕನ್ನು ಮುಟ್ಟದೆ, ಓಪನ್ ಕಮಾಂಡಿಗೆ --ಹೆಡರ್ ಹೆಡರ್.ಐಎಂಜಿ ಸೇರಿಸಿ ಆ ನಕಲಿನಿಂದ ತೆರೆಯುತ್ತಾ ನೋಡಿ. ತೆರೆದರೆ ಡೇಟಾ ನಕಲು ಮಾಡಿಕೊಂಡು ಆಮೇಲೆ ರೀಸ್ಟೋರ್ ಯೋಚಿಸಿ. ತೆರೆಯದಿದ್ದರೆ ಡಿಸ್ಕ್ ಬಿಚ್ಚಿ ಪಕ್ಕಕ್ಕಿಡಿ. ಯಾರ ಹತ್ತಿರ ತೆಗೆದುಕೊಂಡು ಹೋದರೂ ಈ ತನಕ ಯಾವ ಕಮಾಂಡ್ ಕೊಟ್ಟಿದ್ದೀರಿ ಅಂತ ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕೊಡಿ, ತಪ್ಪಾಗಿ ಕೊಟ್ಟದ್ದನ್ನೂ ಬಿಡದೆ.